ಹಲಸಂಗಿಯ ಮಧುರಚೆನ್ನರು

ಸ್ಮರಣ ಸಂಚಿಕೆಯನ್ನು ಹೊರಡಿಸಬೇಕೆಂದು ನಿಶ್ಚಯವಾದೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಪತ್ರಗಳು ಹೋಗುತ್ತವೆ. ಒಂದು ಲೇಖನವನ್ನೋ, ಶಾಲೆಯ ದಿನಗಳ ನೆನಪನ್ನೋ, ತಾವೇ ಕಟ್ಟಿದ ಪದ್ಯವನ್ನೋ ಬರೆದು ಕಳುಹಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ. ಬರುವ ಉತ್ತರಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರೆದಂತಿರುತ್ತವೆ. ಶಾಲೆಯ ಮೇಲಿನ ಪ್ರೀತಿ ಕುಂದಿಲ್ಲ, ಕಲಿಸಿದವರ ಮುಖಗಳು ಕಣ್ಣಮುಂದೆಯೇ ಇವೆ, ಆದರೆ ಬರೆಯುವದು ಮಾತ್ರ ತಮ್ಮಿಂದಾಗದು. ತಾವು ಹಳ್ಳಿಯವರು, ತಮ್ಮ ಮಾತು ಪುಸ್ತಕದ ಮಾತಲ್ಲ, ಓದಿದ್ದೂ ಅಷ್ಟಕ್ಕಷ್ಟೆ. ಇದೇ ಅವುಗಳ ಸಾರ. ಬರೆಯಲು ಬರುವದಿಲ್ಲವೆಂಬುದನ್ನು ನಾಲ್ಕು ಪುಟ ತುಂಬ ಬಹು ಸೊಗಸಾಗಿ ಬರೆದು ತಿಳಿಸಿದ ಸಹೋದರಿಯರೂ ಉಂಟು! ತಾಯಿತಂದೆಗಳಲ್ಲಿ ಕೆಲವರು, ತಮ್ಮ ಮಗಳು ಪದ್ಯ ಬರೆದು ಹಾಸಿಗೆಯ ಕೆಳಗೆ ಅಡಗಿಸಿಡುವಳೆಂದೂ, ಯಾರಾದರೂ ಕೇಳಿದರೆ ಹರಿದು ಹಾಕುವಳೆಂದೂ ನಮ್ಮೊಡನೆ ಹೇಳಿಕೊಂಡಿದ್ದಾರೆ.

ಈ ಸಂಕೋಚವನ್ನು ನಾವು ಹಗುರಾಗಿ ಕಾಣುವದಿಲ್ಲ. ನಮ್ಮ ಕಡೆಯ ಜನರಲ್ಲಿ ಇದು ಬಹಳ ಆಳಕ್ಕೆ ಇಳಿದಿರುವದು. ಆದಕಾರಣ ಈ ಸಲ, ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿಯೇ ಬೆಳೆದು, ಶಾಲೆಯ ಓದನ್ನು ಬೇಗನೆ ಮುಗಿಸಿ, ಮನಸ್ಸಿನ ತುಂಬ ಸಂಶಯಗಳನ್ನು ಹೊತ್ತುಕೊಂಡೇ ಬರೆದು, ಕನ್ನಡದಲ್ಲಿ ಅಳಿಯದ ಹೆಸರನ್ನು ಪಡೆದ ಒಬ್ಬರ ಜೀವಿತವನ್ನು ಹೇಳಬೇಕೆಂದು ಎಣಿಸಿದ್ದೇವೆ. ಅವರೇ ಮಧುರಚೆನ್ನರು. ಅವರ ಹೆಸರನ್ನು ಕೇಳಿದವರು ಬಹುಮಂದಿ. ಅವರ ಬಾಳನ್ನು ತಿಳಿದವರು ಅಷ್ಟು ಮಂದಿ ಇರಲಾರರು.

ವಿಜಾಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಂದರೆ ಹೊರಗಿನವರಿಗೆ ಮೊದಲು ನೆನಪಾಗುವದು ಬರಗಾಲ. ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಡೋಣಿ ಇಷ್ಟೆಲ್ಲ ಇದ್ದರೂ ಮಳೆರಾಯನು ಮುನಿದನೆಂದರೆ ಎರೆಯ ಹೊಲಗಳು ಬಾಯಿ ಬಿಡುವವು. ೧೮೭೬ರಿಂದ ೧೮೭೮ರ ವರೆಗಿನ ಘೋರ ಬರದ ಕಥೆಗಳನ್ನು ಕೇಳಿಯೇ ಇಲ್ಲಿಯ ಎರಡು ಮೂರು ತಲೆಮಾರುಗಳು ಬೆಳೆದವು. ಆದರೆ ಈ ನೆಲದಲ್ಲಿ ಜೋಳವಷ್ಟೇ ಬೆಳೆದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜನರಾಡುವ ಮಾತನ್ನೇ ವಚನವಾಗಿಸಿದ ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಆ ಕಾಲಕ್ಕೆ ವಚನ ಬರೆದ ಹೆಣ್ಣುಮಕ್ಕಳೇ ಮೂವತ್ತಕ್ಕೂ ಹೆಚ್ಚು ಮಂದಿ. ಅದಕ್ಕೂ ಮೊದಲು, ೯೪೫ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲಕ್ಕೆ, ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಂದು ವಿದ್ಯಾಶಾಲೆ ಇದ್ದಿತೆಂದೂ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿ ಭೂಮಿಯನ್ನು ದತ್ತಿ ಬಿಡಲಾಗಿದ್ದಿತೆಂದೂ ಅಲ್ಲಿಯ ಕಂಬದ ಶಾಸನವು ಹೇಳುತ್ತದೆ.

ಇಂಥ ನೆಲದ ಮಕ್ಕಳೇ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತಮ್ಮ ಮಾತಿಗೆ ತಾವೇ ನಾಚುವ ಸ್ಥಿತಿಗೆ ಬಂದಿದ್ದರು. ಮುಂಬಯಿ ಇಲಾಖೆಯ ಆಡಳಿತದಲ್ಲಿ ಮೇಲಿನ ಕಚೇರಿಗಳ ಭಾಷೆ ಇಂಗ್ಲಿಷ್. ನೆರೆಯ ಸೊಲ್ಲಾಪುರದ ಪೇಟೆಗೆ ಹೋದರೆ ಮರಾಠಿ. ಪುಸ್ತಕದಲ್ಲಿದ್ದ ಕನ್ನಡವಂತೂ ಮನೆಯಲ್ಲಾಡುವ ಕನ್ನಡಕ್ಕಿಂತ ಬೇರೆಯೇ. ಹೀಗೆ ಮೂರು ಕಡೆಯಿಂದಲೂ ಹಳ್ಳಿಯವನ ನಾಲಗೆಗೆ ಬೀಗ ಬಿದ್ದಂತಾಗಿದ್ದಿತು.

ಚೆನ್ನಮಲ್ಲಪ್ಪ ಸಿದ್ಧಲಿಂಗಪ್ಪ ಗಲಗಲಿ ಎಂಬವರು ೧೯೦೩ನೆಯ ಇಸವಿ ಜುಲೈ ೩೧ರಂದು ಹಿರೇಲೋಣಿಯಲ್ಲಿ ಹುಟ್ಟಿದರು. ಇವರೇ ಮುಂದೆ ಮಧುರಚೆನ್ನರಾದವರು. ಬೆಳೆದುದು, ಬಾಳಿದುದು ಸಮೀಪದ ಹಲಸಂಗಿಯಲ್ಲಿ. ಹಲಸಂಗಿಯು ಆಗ ಇಂಡಿ ತಾಲೂಕಿನ ಒಂದು ಹಳ್ಳಿ. ಈಗ ಹೊಸದಾಗಿ ಆಗಿರುವ ಚಡಚಣ ತಾಲೂಕಿಗೆ ಸೇರಿದೆ. ಊರಿನ ಶಾಲೆಯ ಓದು ಮುಗಿದ ಮೇಲೆ ಅವರು ವಿಜಾಪುರಕ್ಕೆ ಹೋಗಿ ೧೯೨೧ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅಲ್ಲಿಗೆ ಶಾಲೆ ಮುಗಿಯಿತು.

ಮುಲ್ಕಿ ಎಂದರೇನೆಂದು ಈಗಿನ ಹುಡುಗಿಯರಿಗೆ ತಿಳಿಯಲಿಕ್ಕಿಲ್ಲ. ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಸರಕಾರವು ನಡೆಸುತ್ತಿದ್ದ ಪರೀಕ್ಷೆಯದು. ಅದು ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದು, ತಲಾಠಿಯಾಗಬಹುದು; ಊರಲ್ಲಿ ನಾಲ್ಕು ಜನ ಕಾಗದ ಓದಿಸಿಕೊಳ್ಳಲು ಅವನ ಮನೆಗೆ ಬರುವರು. ಆದರೆ ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿ ಮೆಟ್ರಿಕ್ ದಾಟದ ಹೊರತು ಕಾಲೇಜಿನ ಬಾಗಿಲು ಅವನಿಗೆ ತೆರೆಯದು. ಗ್ರಂಥ ಬರೆಯುವವರು ಕಾಲೇಜು ಕಲಿತವರು ಎಂಬ ಎಣಿಕೆ ಬಲವಾಗಿದ್ದ ಕಾಲದಲ್ಲಿ ಮುಲ್ಕಿಯವನು ಸಾಹಿತಿಯಾಗುವೆನೆಂದರೆ ಕೇಳಿದವರು ನಗಬಹುದಾಗಿದ್ದಿತು.

ಇಲ್ಲಿ ಒಂದು ಹೋಲಿಕೆ ನಮಗೆ ತಾನಾಗಿಯೇ ತೋರುತ್ತದೆ. ಅದೇ ಇಂಡಿ ತಾಲೂಕಿನ ಅಗರಖೇಡದಲ್ಲಿ, ಮಧುರಚೆನ್ನರು ಹುಟ್ಟಿದ ಮರುವರ್ಷವೇ, ೧೯೦೪ರಲ್ಲಿ, ಆದ್ಯ ರಂಗಾಚಾರ್ಯರು ಹುಟ್ಟಿದರು. ಅವರು ಪುಣೆಯಲ್ಲಿ ಓದಿ, ಲಂಡನ್ನಿಗೆ ಹೋಗಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಶ್ರೀರಂಗ ಎಂಬ ಹೆಸರಿನಿಂದ ನಾಟಕಗಳನ್ನು ಬರೆದು ನಾಡಿಗೆಲ್ಲ ಪರಿಚಿತರಾದರು. ಒಂದೇ ತಾಲೂಕಿನ ಇಬ್ಬರಲ್ಲಿ ಒಬ್ಬರು ಸಮುದ್ರ ದಾಟಿದರು, ಇನ್ನೊಬ್ಬರು ತಮ್ಮ ಹಳ್ಳಿಯಲ್ಲಿಯೇ ಉಳಿದರು. ಶ್ರೀರಂಗರ ಹಿರಿಮೆಗೆ ನಾವು ತಲೆಬಾಗುತ್ತೇವೆ. ಆದರೂ ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರ ಬಾಳು ಹಳ್ಳಿಯಲ್ಲಿ ಉಳಿದವರ ಬಾಳಿಗೇ ಸಮೀಪವಾದುದರಿಂದ ಮಧುರಚೆನ್ನರ ದಾರಿಯೇ ನಮಗೆ ಹೆಚ್ಚು ಬೇಕಾದುದೆಂದು ತೋರುತ್ತದೆ.

ಶಾಲೆ ಮುಗಿದರೂ ಓದು ಮುಗಿಯಲಿಲ್ಲ. ಚೆನ್ನಮಲ್ಲಪ್ಪನವರು ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ತಾವೇ ಇಂಗ್ಲಿಷ್ ಕಲಿತರು. ನಿಘಂಟಿನಿಂದ ಭಾಷೆ ಕಲಿಯುವದೆಂದರೆ ಒಂದೊಂದು ಪುಟಕ್ಕೆ ಇಪ್ಪತ್ತು ಸಲ ನಿಲ್ಲುವದು. ವಾಕ್ಯದ ತುದಿಗೆ ಬರುವದರೊಳಗೆ ಅದರ ಮೊದಲು ಮರೆತುಹೋಗುವದು. ಈ ಕಷ್ಟವನ್ನು ಉಂಡವರೇ ಬಲ್ಲರು. ಸಂಸ್ಕೃತವನ್ನೂ ಬಂಗಾಲಿಯನ್ನೂ ಅವರು ಅಭ್ಯಾಸ ಮಾಡಿದರು. ಹಳಗನ್ನಡ ಕಾವ್ಯಗಳನ್ನು ಓದಿದರು. ಶಾಸನಗಳ ಕಡೆಗೂ ಮನಸ್ಸು ಹರಿಸಿದರು. ಗೆಳೆಯರು ಕೂಡಿಕೊಂಡು ಊರಲ್ಲಿ ಒಂದು ವಾಚನಾಲಯವನ್ನೂ ನಡೆಸಿದರು. ಕಾಲೇಜು ಇಲ್ಲದ ಊರಿಗೆ ವಾಚನಾಲಯವೇ ಕಾಲೇಜು.

ಇಷ್ಟೆಲ್ಲ ಓದಿದವರಿಗೆ ಧೈರ್ಯವು ತಾನಾಗಿ ಬರಬೇಕಾಗಿದ್ದಿತೆಂದು ವಾಚಕರು ಎಣಿಸಬಹುದು. ಆದುದು ಬೇರೆ. ಓದು ಹೆಚ್ಚಿದಷ್ಟೂ ಅವರ ಸಂಶಯವು ಹೆಚ್ಚಿತು. ದೇವರು ಉಂಟೆ, ಇಲ್ಲವೆ? ಉಂಟೆಂದು ಹಿರಿಯರು ಹೇಳಿದರೆ ಅಷ್ಟರಿಂದಲೇ ನಂಬಬಹುದೆ? ತಾನು ಕಂಡುದಲ್ಲದೆ ನಂಬಲೊಲ್ಲೆನೆಂಬ ಛಲವು ಅವರನ್ನು ಹಿಡಿಯಿತು. ಸುತ್ತಲಿನವರೆಲ್ಲ ಭಕ್ತಿಯಿಂದ ಕೈಮುಗಿಯುವ ಊರಲ್ಲಿ ಒಬ್ಬ ಎಳೆಯ ಮನುಷ್ಯನು ನಾಸ್ತಿಕನಾಗಿ ನಿಲ್ಲುವದು ಸಾಮಾನ್ಯವಾದ ಮಾತಲ್ಲ. ಅದಕ್ಕಿಂತಲೂ ಕಷ್ಟವಾದುದು, ಆ ನಾಸ್ತಿಕತೆಯಲ್ಲಿಯೂ ಸಮಾಧಾನ ದೊರೆಯದಿರುವದು. ಅವರಿಗೆ ಹಾಗೆಯೇ ಆಯಿತು. ನಂಬಲಾರದೆ, ನಂಬದಿರಲೂ ಆರದೆ, ವರ್ಷಗಳ ಕಾಲ ಒಳಗೊಳಗೇ ಬೆಂದರು.

ಈ ಕಾಲದಲ್ಲಿ ಅವರ ಮನಸ್ಸಿಗೆ ಹತ್ತಿರವಾದ ಗ್ರಂಥಗಳಲ್ಲಿ ರಶಿಯಾ ದೇಶದ ಟಾಲ್‌ಸ್ಟಾಯ್ ಮಹಾಶಯರ ಆತ್ಮನಿವೇದನೆಯೂ ಒಂದು. ಅದನ್ನು ಅವರು ಕನ್ನಡಕ್ಕೂ ತಂದರು. ಟಾಲ್‌ಸ್ಟಾಯರ ಸ್ಥಿತಿಯು ಇವರ ಸ್ಥಿತಿಗೆ ತೀರ ವಿರುದ್ಧವಾಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಅವರು ಸಿರಿವಂತರು, ಜಮೀನುದಾರರು. ದೊಡ್ಡ ಕಾದಂಬರಿಗಳನ್ನು ಬರೆದು ಯುರೋಪದಲ್ಲೆಲ್ಲ ಹೆಸರು ಪಡೆದವರು. ಅಂಥವರಿಗೆ ಐವತ್ತರ ವಯಸ್ಸಿನ ಹೊತ್ತಿಗೆ, ತಾನು ಬರೆದುದರಿಂದ ಆದುದೇನು, ಬಾಳಿನ ಅರ್ಥವೇನು ಎಂಬ ಪ್ರಶ್ನೆಯು ಎದುರಾಗಿ ಬದುಕೇ ಬೇಡವೆನಿಸಿತು. ಪಂಡಿತರ ಗ್ರಂಥಗಳಲ್ಲಿ ಉತ್ತರ ಕಾಣದೆ, ಕೊನೆಗೆ ಹೊಲ ಉಳುವ ರೈತರ ಬಾಳನ್ನು ನೋಡಿ ಅವರು ಚೇತರಿಸಿಕೊಂಡರು. ಕೀರ್ತಿ ಬಂದರೆ ತನ್ನ ಮೇಲೆ ತನಗೆ ನಂಬಿಗೆ ಬರುವದೆಂದು ನಾವು ತಿಳಿಯುತ್ತೇವೆ. ಕೀರ್ತಿಯ ತುದಿಗೆ ಏರಿದವನೂ ಅಲ್ಲಿ ಅದನ್ನು ಕಾಣಲಿಲ್ಲವೆಂಬುದು ಹಲಸಂಗಿಯ ಒಂದು ಮನೆಯಲ್ಲಿ ಕುಳಿತು ಓದುವ ಅನಾಮಧೇಯ ಯುವಕನಿಗೆ ಎಷ್ಟು ದೊಡ್ಡ ಸಾಂತ್ವನವಾಗಿರಬೇಕೆಂದು ನಾವು ಊಹಿಸಬಹುದು.

ರೈತರ ಬಾಳು ನೋಡಲು ಚೆನ್ನಮಲ್ಲಪ್ಪನವರು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದು ಅವರ ಅಂಗಳದಲ್ಲಿಯೇ ಇದ್ದಿತು. ಹಲಸಂಗಿಯು ಮೊದಲಿನಿಂದಲೂ ಹಾಡಿನ ಊರು. ಅಲ್ಲಿ ಬಾಳಿಹೋದ ಖಾಜಾಭಾಯಿ ಮೊದಲಾದ ಲಾವಣಿಕಾರರ ಪದಗಳು ಸುತ್ತಲಿನ ಊರುಗಳಲ್ಲೆಲ್ಲ ಹಬ್ಬಿದ್ದವು. ಡಪ್ಪು ತುಂತುಣಿಗಳೊಡನೆ ಎರಡು ಮೇಳಗಳು ಎದುರುಬದುರಾಗಿ ನಿಂತು ರಾತ್ರಿಯೆಲ್ಲ ವಾದ ಹಾಕಿ ಹಾಡುವದನ್ನು ಜನರು ಗಾಡಿ ಕಟ್ಟಿಕೊಂಡು ಬಂದು ಕೇಳುತ್ತಿದ್ದರು. ಸುಗ್ಗಿಯಲ್ಲಿ ಹಂತಿಯ ಹಾಡು, ಮದುವೆಯಲ್ಲಿ ಸೋಬಾನೆ, ಬೆಳಗಿನ ಜಾವದಲ್ಲಿ ಬೀಸುವ ಹಾಡು.

ಈ ಬೀಸುವ ಹಾಡಿನ ವಿಷಯವಾಗಿ ಸ್ವಲ್ಪ ನಿಂತು ಹೇಳಲು ಅಪ್ಪಣೆ ಬೇಡುತ್ತೇವೆ. ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುಕಲ್ಲುಗಳು ಮೂಲೆ ಸೇರಿದವು. ಎಳೆಯರಲ್ಲಿ ಅನೇಕರು ಅವನ್ನು ಕಂಡೂ ಇರಲಾರರು. ಕೋಳಿ ಕೂಗುವ ಮೊದಲೇ ಅತ್ತೆ ಸೊಸೆಯರೋ, ನೆಗೆಣ್ಣಿಯರೋ, ಅಕ್ಕತಂಗಿಯರೋ ಎದುರುಬದುರಾಗಿ ಕುಳಿತು ಒಂದೇ ಗೂಟವನ್ನು ಹಿಡಿಯುವರು. ಒಬ್ಬಳು ಎಡಗೈಯಿಂದ ಹಿಡಿಹಿಡಿಯಾಗಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತಿರುವಳು. ಕಲ್ಲು ತಿರುಗುವ ಗತಿಗೆ ಸರಿಯಾಗಿ ಮೂರು ಸಾಲಿನ ಪದ ಹೊರಡುವದು. ಒಬ್ಬಳು ಎತ್ತಿದರೆ ಇನ್ನೊಬ್ಬಳು ಮುಗಿಸುವಳು. ಕಲ್ಲಿನ ಭಾರವು ತೋಳಿನಿಂದ ಹಾಡಿಗೆ ದಾಟುವದು. ತವರಿನ ನೆನಪು, ಅಣ್ಣನ ದಾರಿ ಕಾಯುವದು, ತೊಟ್ಟಿಲ ಕೂಸಿನ ಸೊಗಸು, ಮಕ್ಕಳಿಲ್ಲದವಳ ಬೇಗುದಿ, ಗಂಡನ ಒಲವು ಮುನಿಸು, ಬೀಸುವ ಕಲ್ಲಿಗೇ ಮಾಡುವ ನಮಸ್ಕಾರ, ಯಾವುದೂ ಬಿಟ್ಟುಹೋಗುವಂತಿಲ್ಲ. ಹಗಲಲ್ಲಿ ಬಾಯಿ ಬಿಟ್ಟು ಆಡಲಾಗದುದನ್ನು ಆ ನಸುಕಿನಲ್ಲಿ ಕಲ್ಲಿನ ಸಪ್ಪಳದ ಮರೆಯಲ್ಲಿ ಆಡಿಕೊಳ್ಳುತ್ತಿದ್ದರು. ಹಾಡುವವರಿಗೆ ಅಕ್ಷರ ಬಾರದು. ತಾವು ಕವಿಗಳೆಂಬ ಕಲ್ಪನೆಯೂ ಅವರಿಗಿಲ್ಲ. ಯಾರಾದರೂ ಹಾಗೆಂದಿದ್ದರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಈ ಮೂರು ಸಾಲಿನ ಪದಕ್ಕೆ ತ್ರಿಪದಿಯೆಂದು ಹೆಸರು. ಹಳಗನ್ನಡ ಛಂದಸ್ಸನ್ನು ಓದಿದವರಿಗೆ ಇದು ತಿಳಿದ ಮಾತೇ: ಒಟ್ಟು ಹನ್ನೊಂದು ಗಣ, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಕ್ರಿ. ಶ. ೭೦೦ರ ಸುಮಾರಿಗೆ ಬಾದಾಮಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳಿ ಕೆತ್ತಿದ ಶಾಸನವು ಇದೇ ಛಂದಸ್ಸಿನಲ್ಲಿದೆ. ಸರ್ವಜ್ಞನೂ ಇದನ್ನೇ ಹಿಡಿದನು. ಬಾದಾಮಿಯು ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ವರೆಗೆ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದಿತು. ಸಾವಿರದ ಇನ್ನೂರು ವರ್ಷಗಳ ಹಿಂದೆ ಬಂಡೆಗೆ ಏರಿದ ಛಂದಸ್ಸನ್ನು, ಗಣ ಎಂದರೇನೆಂದು ಅರಿಯದ ಹೆಣ್ಣುಮಕ್ಕಳು ಕಿವಿಯಿಂದ ಕಿವಿಗೆ ತಪ್ಪದೆ ಕಾಯ್ದುಕೊಂಡು ಬಂದಿದ್ದರು. ಶಾಸನಗಳನ್ನೂ ಹಳಗನ್ನಡವನ್ನೂ ಓದುತ್ತಿದ್ದ ಚೆನ್ನಮಲ್ಲಪ್ಪನವರು ಇದನ್ನು ಕಾಣದೆ ಇದ್ದಾರೆಯೆ? ದೊಡ್ಡ ಸಾಹಿತ್ಯವು ದೂರದಲ್ಲೆಲ್ಲೋ ಇದೆಯೆಂದು ನಿಘಂಟು ಹಿಡಿದು ಹುಡುಕುತ್ತಿದ್ದವರಿಗೆ ಅದು ತಮ್ಮ ಅಡಿಗೆಮನೆಯ ಮಗ್ಗುಲಲ್ಲಿಯೇ ಸಿಕ್ಕಿತು.

ಒಬ್ಬರೇ ಆಗಿದ್ದರೆ ಏನಾಗುತ್ತಿದ್ದಿತೋ ಹೇಳಲಾರೆವು. ಪುಣ್ಯಕ್ಕೆ ಅವರು ಒಬ್ಬರೇ ಇರಲಿಲ್ಲ. ಚಡಚಣದಲ್ಲಿ ೧೯೦೫ರಲ್ಲಿ ಹುಟ್ಟಿ ಕನ್ನಡ ಶಾಲೆಯ ಮಾಸ್ತರರಾದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಪಿ. ಧೂಲಾಸಾಹೇಬರು ಇವರ ಜೊತೆಗಾರರು. ಜಾತಿ ಬೇರೆ, ಮತ ಬೇರೆ, ಕಸುಬು ಬೇರೆ. ಹಾಡಿನ ಹುಚ್ಚು ಒಂದೇ. ಹಲಸಂಗಿಯ ಗೆಳೆಯರೆಂದೇ ಇವರಿಗೆ ನಾಡಿನಲ್ಲಿ ಹೆಸರಾಯಿತು. ಇವರು ಊರೂರಿನ ಹಾಡುಗಳನ್ನು ಕೇಳಿ ಬರೆದುಕೊಳ್ಳತೊಡಗಿದರು. ಗಂಡಸರು ಹಾಡುವ ಲಾವಣಿಯನ್ನು ಬರೆದುಕೊಳ್ಳುವದು ಸುಲಭ. ಗರತಿಯರ ಹಾಡು ಹಾಗಲ್ಲ. ಪರಪುರುಷನು ಕಾಗದ ಹಿಡಿದು ಎದುರಿಗೆ ಕುಳಿತರೆ ಹಾಡು ಗಂಟಲಲ್ಲಿಯೇ ಉಳಿಯುವದು. ಇಂಥ ಕೆಲಸಕ್ಕೆ ಮನೆಯ ಹೆಂಗಸರೇ ಮೊದಲ ಗುರುಗಳಾಗಬೇಕು. ಅವರು ತಮ್ಮ ಹಾಡಿಗೂ ಬೆಲೆಯುಂಟೆಂದು ನಂಬಬೇಕು. ಬರೆಯುವವರಿಗಿದ್ದ ಅಳುಕಿಗಿಂತ ಹಾಡುವವರ ಅಳುಕೇ ದೊಡ್ಡದಾಗಿದ್ದಿತೆಂದು ನಮ್ಮ ಎಣಿಕೆ.

ಜನಪದ ಹಾಡನ್ನು ಸಂಗ್ರಹಿಸುವದು ಆಗ ಕನ್ನಡಕ್ಕೆ ತೀರ ಹೊಸದೇನೂ ಆಗಿರಲಿಲ್ಲ. ಮುಂಬಯಿ ಇಲಾಖೆಯ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟ್ ಸಾಹೇಬರು ೧೮೮೦ರ ದಶಕದಲ್ಲಿಯೇ ಕೆಲವು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚು ಹಾಕಿಸಿದ್ದರು. ಆದರೆ ಅವರು ಹೊರಗಿನಿಂದ ಬಂದು ಕುತೂಹಲದಿಂದ ನೋಡಿದವರು. ತಮ್ಮ ತಾಯಂದಿರ ಹಾಡು ಇದೆಂದು, ಇದು ಕಾವ್ಯವೆಂದು, ಎದೆ ಮುಟ್ಟಿ ಹೇಳಿದವರು ಹಲಸಂಗಿಯವರು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡವೋಲೆಗಳಲ್ಲಿ ಅಡಗಿದ್ದ ವಚನಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ್ದರು. ಒಂದೇ ಜಿಲ್ಲೆಯಲ್ಲಿ, ಹತ್ತೇ ವರ್ಷಗಳ ಒಳಗೆ, ಓಲೆಯಲ್ಲಿದ್ದುದೂ ಬಾಯಲ್ಲಿದ್ದುದೂ ಅಚ್ಚಿಗೆ ಬಂದವು.

೧೯೩೧ರಲ್ಲಿ ಗರತಿಯ ಹಾಡು ಹೊರಬಿದ್ದಿತು. ಧಾರವಾಡದ ಬೇಂದ್ರೆಯವರೂ, ಮೈಸೂರು ಸೀಮೆಯ ಬಿ. ಎಂ. ಶ್ರೀಕಂಠಯ್ಯನವರೂ ಮಾಸ್ತಿಯವರೂ ಅದಕ್ಕೆ ಆದರದ ಮಾತುಗಳನ್ನು ಬರೆದು ಬರಮಾಡಿಕೊಂಡರು. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸುತ್ತಿದ್ದ ಶ್ರೀಕಂಠಯ್ಯನವರಂಥವರು, ಇಂಡಿ ತಾಲೂಕಿನ ಬೀಸುಕಲ್ಲಿನ ಹಾಡನ್ನು ಕನ್ನಡ ಕಾವ್ಯದ ಬೇರೆಂದು ಎಣಿಸಿದರು. ಆಮೇಲೆ ೧೯೩೩ರಲ್ಲಿ ಲಾವಣಿಗಳ ಸಂಗ್ರಹವಾದ ಜೀವನ ಸಂಗೀತವೂ, ೧೯೩೫ರಲ್ಲಿ ಮಲ್ಲಿಗೆ ದಂಡೆಯೂ ಬಂದವು. ಹಳ್ಳಿಯವರ ಬಾಯಿಗೆ ಬಿದ್ದಿದ್ದ ಬೀಗವು ತೆಗೆಯಿತು.

ಚೆನ್ನಮಲ್ಲಪ್ಪನವರ ಸ್ವಂತ ಬರವಣಿಗೆಯು ಹದಕ್ಕೆ ಬಂದುದೂ ಇದೇ ಕಾಲದಲ್ಲಿ ಎಂಬುದನ್ನು ನಾವು ಆಕಸ್ಮಿಕವೆಂದು ತಿಳಿಯುವದಿಲ್ಲ. ನನ್ನ ನಲ್ಲ ಎಂಬ ಅವರ ಕಾವ್ಯವು ೧೯೩೩ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೀವವು ಹೆಣ್ಣಾಗಿ, ಪರಮಾತ್ಮನು ನಲ್ಲನಾಗಿ, ಕಾಯುವ, ಹುಡುಕುವ, ಹಂಬಲಿಸುವ ನುಡಿಯು ಉದ್ದಕ್ಕೂ ಹರಿದಿದೆ. ಈ ಭಾವವು ಅಕ್ಕಮಹಾದೇವಿಯ ಕಾಲದಿಂದ ಕನ್ನಡದಲ್ಲಿ ಬಂದುದೇ. ಆದರೆ ಅದನ್ನು ಆಡುವ ದನಿ ಗರತಿಯದು. ತವರಿನ ದಾರಿ ನೋಡುವ ಸೊಸೆಯ ಮಾತಿನ ತಿರುವು, ನಮ್ಮ ಸೀಮೆಯ ಮನೆಮಾತಿನ ಸವಿ, ಕಲ್ಲಿನ ಸುತ್ತಿನಂಥ ಗತಿ ಅಲ್ಲಿ ಕೇಳಿಸುತ್ತವೆ. ಪಂಡಿತರು ಮೆಚ್ಚಲೆಂದು ಪುಸ್ತಕದ ಮಾತನ್ನು ತಂದು ತುಂಬುವ ಗೋಜಿಗೆ ಕವಿಯು ಹೋಗಲಿಲ್ಲ. ಧಾರವಾಡದಲ್ಲಿ ಬೇಂದ್ರೆಯವರೂ ಆ ದಿನಗಳಲ್ಲಿ ಆಡುಮಾತನ್ನೇ ಕಾವ್ಯಕ್ಕೆ ಏರಿಸುತ್ತಿದ್ದರು. ಹಲಸಂಗಿಗೂ ಧಾರವಾಡಕ್ಕೂ ನಡುವೆ ಸ್ನೇಹದ ಹಾದಿಯು ಬಹು ನುಣುಪಾಗಿದ್ದಿತು. ಚೆನ್ನಮಲ್ಲಪ್ಪನವರು ಮಧುರಚೆನ್ನರಾದರು.

ಸಂಶಯಗಳೇನಾದವು? ಅವು ತೀರಿದ ಮೇಲೆ ಬರೆಯುವೆನೆಂದು ಅವರು ಕಾದು ಕೂಡ್ರಲಿಲ್ಲ, ಅವನ್ನೇ ಬರೆದರು. ೧೯೩೦ರ ದಶಕದಲ್ಲಿ ಬಂದ ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಗದ್ಯಕೃತಿಗಳಲ್ಲಿ ತಮ್ಮ ಮನಸ್ಸು ಹೇಗೆ ನಂಬಿಗೆಯನ್ನು ಕಳೆದುಕೊಂಡಿತು, ಯಾವ ಕತ್ತಲೆಯಲ್ಲಿ ತಡವರಿಸಿತು, ಹೇಗೆ ಬೆಳಕಿನ ಕಡೆಗೆ ಹೊರಳಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಊರು, ಉದ್ಯೋಗ, ಸನ್ಮಾನಗಳನ್ನು ಹೇಳುವ ಆತ್ಮಚರಿತ್ರೆಗಳು ನಮ್ಮಲ್ಲಿ ಬೇಕಾದಷ್ಟು ಇವೆ. ಒಳಗಿನ ಹೋರಾಟವೊಂದನ್ನೇ ವಸ್ತುವಾಗಿಟ್ಟುಕೊಂಡ ಇಂಥ ಬರವಣಿಗೆ ಕನ್ನಡಕ್ಕೆ ಆಗ ಬಹುಮಟ್ಟಿಗೆ ಹೊಸದು. ತನ್ನ ಸೋಲನ್ನು, ಅಂಜಿಕೆಯನ್ನು, ಗೊಂದಲವನ್ನು ನೆರೆಹೊರೆಯವರು ಓದುವಂತೆ ಅಚ್ಚು ಹಾಕಿಸುವದಕ್ಕೆ ಎಂಥ ಎದೆ ಬೇಕೆಂಬುದನ್ನು ಹಾಸಿಗೆಯ ಕೆಳಗೆ ಪದ್ಯ ಅಡಗಿಸಿಡುವ ನಮ್ಮ ಹುಡುಗಿಯರು ಚೆನ್ನಾಗಿ ಬಲ್ಲರು.

ಈ ಗದ್ಯವು ಓದಲು ಎಲ್ಲ ಕಡೆಗೂ ಸುಲಭವಾಗಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಅಲ್ಲಲ್ಲಿ ವಿಚಾರವು ಗಂಟಾಗಿ ಬರುತ್ತದೆ. ಓದುವವರು ನಿಂತು ಬಿಡಿಸಿಕೊಳ್ಳಬೇಕು. ನನ್ನ ನಲ್ಲದಲ್ಲಿಯೂ ಯೋಗಸಾಧನೆಯ ಅನುಭವಗಳನ್ನು ಹೇಳುವಲ್ಲಿ ಹೊರಗಿನವರಿಗೆ ದಾರಿ ತಪ್ಪುವದುಂಟು. ಮೊದಲು ಓದುವವರು ಗರತಿಯ ಹಾಡಿನಿಂದ ಆರಂಭಿಸಿ, ಆ ಕಿವಿಯನ್ನು ಹೊತ್ತುಕೊಂಡೇ ನನ್ನ ನಲ್ಲಕ್ಕೆ ಹೋದರೆ ಬಹಳ ತೊಡಕುಗಳು ತಾವಾಗಿಯೇ ಬಿಡುವವೆಂಬುದು ನಮ್ಮ ಅನುಭವ.

ಮಧುರಚೆನ್ನರ ಹುಡುಕಾಟವು ಅವರನ್ನು ಶ್ರೀ ಅರವಿಂದರ ಕಡೆಗೆ ಒಯ್ದಿತು. ಪಾಂಡಿಚೇರಿಗೆ ಹೋಗಿ ಅವರ ದರ್ಶನವನ್ನು ಪಡೆದು, ಅವರ ಯೋಗಮಾರ್ಗದಲ್ಲಿ ತಮ್ಮ ಸಮಾಧಾನವನ್ನು ಕಂಡುಕೊಂಡರು. ಆ ಸಾಹಿತ್ಯವನ್ನು ಕನ್ನಡಕ್ಕೂ ತಂದರು. ಅದರಿಂದ ಮುಂದಿನ ವರ್ಷಗಳಲ್ಲಿ ಕವಿತೆಯು ಕಡಿಮೆಯಾಗಿ ಸಾಧನೆಯು ಹೆಚ್ಚಿತು. ಕಾವ್ಯಪ್ರೇಮಿಗಳಾದ ನಮಗೆ ಇದರಿಂದ ಸ್ವಲ್ಪ ನಷ್ಟವೇ ಆಯಿತೆಂದು ಹೇಳಿದರೆ ಅವರ ಅ‌ಭಿಮಾನಿಗಳು ಮುನಿಯಲಾರರೆಂದು ನಂಬುತ್ತೇವೆ. ಅವರ ಕಡೆಯಿಂದ ನೋಡಿದರೆ ಬರೆಯುವದು ಎಂದೂ ಗುರಿಯಾಗಿರಲಿಲ್ಲ, ದಾರಿಯಾಗಿದ್ದಿತು. ಬರವಣಿಗೆಯಿಂದ ಹಣವಾಗಲಿ ಪದವಿಯಾಗಲಿ ಅವರಿಗೆ ಬರಲಿಲ್ಲ. ಹಲಸಂಗಿಯನ್ನು ಬಿಟ್ಟು ಪಟ್ಟಣದಲ್ಲಿ ನೆಲಸಬೇಕೆಂದೂ ಅವರು ಹೊರಡಲಿಲ್ಲ. ನೋಡಬೇಕೆಂಬವರು ಹಲಸಂಗಿಗೇ ಬರುತ್ತಿದ್ದರು.

೧೯೫೩ನೆಯ ಇಸವಿ ಆಗಸ್ಟ್ ೧೫ರಂದು ಮಧುರಚೆನ್ನರು ತೀರಿಕೊಂಡರು. ಆಗ್ಗೆ ಅವರಿಗೆ ಐವತ್ತು ತುಂಬಿ ಹದಿನೈದು ದಿನಗಳಾಗಿದ್ದವು. ಆ ದಿನವು ಅರವಿಂದರ ಜನ್ಮದಿನವೂ ಹೌದು. ಗೆಳೆಯರಲ್ಲಿ ಸಿಂಪಿ ಲಿಂಗಣ್ಣನವರು ೧೯೯೩ರ ವರೆಗೆ ಬಾಳಿ, ಹಾಡು ಕಥೆ ಗಾದೆಗಳನ್ನು ಕೂಡಿಸುವ ಕೆಲಸವನ್ನು ಮುಂದುವರಿಸಿದರು. ಕೊಪ್ಪಳದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರಿಗೆ ಬಂದಿತು. ಕನ್ನಡ ಶಾಲೆಯ ಮಾಸ್ತರರೊಬ್ಬರು ಆ ಪೀಠದಲ್ಲಿ ಕುಳಿತುದು ಹಲಸಂಗಿಗೆಲ್ಲ ಸಂದ ಗೌರವವೆಂದು ನಾವು ಭಾವಿಸುತ್ತೇವೆ.

ಗರತಿಯ ಹಾಡು ಆಮೇಲೆ ಮತ್ತೆ ಮತ್ತೆ ಅಚ್ಚಾಗಿದೆ. ಸಂಗ್ರಹಿಸಿದವರ ಹೆಸರುಗಳು ನಮಗೆ ತಿಳಿದಿವೆ. ಆ ಪದಗಳನ್ನು ಮೊದಲು ಕಟ್ಟಿದ ತಾಯಂದಿರ ಹೆಸರುಗಳು ಯಾರಿಗೂ ತಿಳಿಯವು. ಇನ್ನು ತಿಳಿಯುವಂತೆಯೂ ಇಲ್ಲ. ಅವರ ಮೊಮ್ಮಕ್ಕಳ ಮಕ್ಕಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಮನೆಗಳಲ್ಲಿ ಇದ್ದೇ ಇರುವರು. ನಮ್ಮ ಶಾಲೆಯಿಂದ ಓದಿ ಹೋದವರಲ್ಲಿಯೂ ಕೆಲವರು ಇರಬಹುದು. ಬರೆಯಲು ಬರುವದಿಲ್ಲವೆಂದು ನಾಲ್ಕು ಪುಟ ಬರೆದ ಸಹೋದರಿಯರಲ್ಲಿ ನಮ್ಮದೊಂದು ಪ್ರಾರ್ಥನೆಯಿದೆ. ತಮ್ಮ ಅಜ್ಜಿಯ ಬಾಯಿಂದ ಕೇಳಿದ ಪದ ಒಂದೆರಡಾದರೂ ನೆನಪಿದ್ದರೆ, ಅವರು ಹೇಗೆ ಅಂದರೋ ಹಾಗೆಯೇ, ತಿದ್ದದೆ ಬರೆದು ಕಳುಹಬೇಕು. ಮೇಲೆ ಅಜ್ಜಿಯ ಹೆಸರನ್ನೂ ಊರನ್ನೂ, ಕೆಳಗೆ ತಮ್ಮ ಹೆಸರನ್ನೂ ಕಾಣಿಸಬೇಕು. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಹಾಳೆಗಳನ್ನು ಕಾಯ್ದಿಡುತ್ತೇವೆ.